ಒಂದು ಯೂನಿಟ್ ಕರೆಂಟಿಗೂ ಕಡಿಮೆ, ತೊಂಬತ್ತು ನಿಮಿಷದ ರೇಸು

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸಮೀಪ, ಸಸೆಕ್ಸ್ ಸೀಮೆಯಲ್ಲಿ ಗುಡ್‌ವುಡ್ ಎಂಬ ಹೆಸರುವಾಸಿ ರೇಸ್ ಟ್ರ್ಯಾಕ್ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪಿಟ್‌ಫೈರ್ ವಿಮಾನಗಳು ಏರಿಳಿಯುತ್ತಿದ್ದ ನಿಲ್ದಾಣವದು. ಯುದ್ಧ ಮುಗಿದ ಮೇಲೆ ನಿಲ್ದಾಣದ ಅಂಚಿನ ರಸ್ತೆಯನ್ನೇ ಟ್ರ್ಯಾಕ್ ಮಾಡಿಕೊಂಡು 1948ರಲ್ಲಿ ಅಲ್ಲಿ ಕಾರ್ ರೇಸ್ ಆರಂಭಿಸಿದರು. ಒಂದು ಸುತ್ತು ಸುಮಾರು 3.8 ಕಿಲೋಮೀಟರ್. 1965ರಲ್ಲಿ ಜಿಮ್ ಕ್ಲಾರ್ಕ್ ಮತ್ತು ಜಾಕಿ ಸ್ಟೀವರ್ಟ್ ಆ ಸುತ್ತನ್ನು 1 ನಿಮಿಷ 20.4 ಸೆಕೆಂಡಿನಲ್ಲಿ ಮುಗಿಸಿ ದಾಖಲೆಯನ್ನು ಹಂಚಿಕೊಂಡಿದ್ದರು. ಅದೇ ಟ್ರ್ಯಾಕಿನಲ್ಲಿ ಇಂದು ಶಾಲೆಯ ಹುಡುಗ ಹುಡುಗಿಯರು ತಾವೇ ಕಟ್ಟಿದ ಬ್ಯಾಟರಿ ಕಾರುಗಳನ್ನು ಓಡಿಸುತ್ತಾರೆ. ಅವರಿಗೆ ಒಂದು ಸುತ್ತಿಗೆ ಐದು ನಿಮಿಷ ಹಿಡಿದರೂ ಒಳ್ಳೆಯ ಓಟವೆಂದೇ ಲೆಕ್ಕ.

ಈ ರೇಸುಗಳನ್ನು ನಡೆಸುವುದು ‘ಗ್ರೀನ್‌ಪವರ್’ ಎಂಬ ಸೇವಾ ಸಂಸ್ಥೆ. 1999ರಲ್ಲಿ ಹುಟ್ಟಿದ ಈ ಸಂಸ್ಥೆಯ ಸ್ಪರ್ಧೆಗಳಲ್ಲಿ ಒಂಬತ್ತು ವರ್ಷದ ಮಕ್ಕಳಿಂದ ಹಿಡಿದು ಇಪ್ಪತ್ತೈದರ ಯುವಕರವರೆಗೆ ಬೇರೆ ಬೇರೆ ವರ್ಗಗಳಿವೆ. ಹನ್ನೊಂದರಿಂದ ಹದಿನಾರು ವಯಸ್ಸಿನವರದು ‘ಫಾರ್ಮುಲಾ 24’. ಹೆಸರಿನಲ್ಲಿರುವ 24 ಎಂದರೆ 24 ವೋಲ್ಟ್. ನಿಯಮ ಬಹಳ ಸರಳ. ಎಲ್ಲ ತಂಡಗಳಿಗೂ ಒಂದೇ ಬಗೆಯ ಮೋಟಾರು, ಒಂದೇ ಬಗೆಯ ಎರಡು 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿ. ಉಳಿದ ಕಾರನ್ನು, ಅಂದರೆ ಚೌಕಟ್ಟು, ಮೈ, ಚಕ್ರ, ಬ್ರೇಕು, ಸ್ಟೀರಿಂಗ್ ಎಲ್ಲವನ್ನೂ ಸುರಕ್ಷತೆಯ ಕಟ್ಟಳೆಯೊಳಗೆ ತಂಡವೇ ಯೋಚಿಸಿ ಕಟ್ಟಬೇಕು. ತೊಂಬತ್ತು ನಿಮಿಷದಲ್ಲಿ ಹೆಚ್ಚು ದೂರ ಓಡಿದವರು ಗೆದ್ದಂತೆ.

ಈ ಸ್ಪರ್ಧೆಯ ಜೀವ ಇರುವುದು ‘ಎಲ್ಲರಿಗೂ ಒಂದೇ ಮೋಟಾರು, ಒಂದೇ ಬ್ಯಾಟರಿ’ ಎಂಬ ಕಟ್ಟಳೆಯಲ್ಲೇ ಎಂದು ನನ್ನ ನಂಬಿಕೆ. ದುಡ್ಡಿದ್ದ ಶಾಲೆ ದೊಡ್ಡ ಮೋಟಾರು ತಂದು ಕೂರಿಸುವ ಹಾಗಿಲ್ಲ. ಇರುವ ಅಷ್ಟೇ ವಿದ್ಯುತ್ತನ್ನು ಯಾರು ಹೆಚ್ಚು ಜಾಣತನದಿಂದ ಖರ್ಚು ಮಾಡುತ್ತಾರೆ ಎನ್ನುವುದೊಂದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಪಠ್ಯಪುಸ್ತಕದ ಅರ್ಧ ಭೌತವಿಜ್ಞಾನವೇ ಕಾರ್ಯಾಗಾರದ ಮೇಜಿನ ಮೇಲೆ ಬಂದು ಕೂರುತ್ತದೆ.

ಮೊದಲು ಬ್ಯಾಟರಿಯನ್ನೇ ನೋಡೋಣ. ಒಂದೊಂದು ಬ್ಯಾಟರಿಯ ಮೇಲೆ 36 ಆಂಪಿಯರ್-ಅವರ್ ಎಂದು ಬರೆದಿದೆ ಎನ್ನಿ. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟ್. 24ನ್ನು 36ರಿಂದ ಗುಣಿಸಿದರೆ 864 ವ್ಯಾಟ್-ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 0.86 ಯೂನಿಟ್. ಆದರೆ ಅಷ್ಟೂ ಕೈಗೆ ಸಿಗುವುದಿಲ್ಲ. ಆ 36ರ ಲೆಕ್ಕ ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, 1.8 ಆಂಪಿಯರಿನಷ್ಟೇ ಎಳೆದಾಗಿನದು. ಅವಸರದಲ್ಲಿ ಎಳೆದರೆ ಬ್ಯಾಟರಿ ಕೊಡುವ ಒಟ್ಟು ವಿದ್ಯುತ್ತೇ ಕುಗ್ಗುತ್ತದೆ. ಸೀಸದ ಫಲಕಗಳ ಸೂಕ್ಷ್ಮ ರಂಧ್ರಗಳೊಳಗಿನ ಆಮ್ಲ ಬೇಗ ತೀರುತ್ತದೆ, ಹೊರಗಿನ ಆಮ್ಲ ಒಳಕ್ಕೆ ಇಳಿಯಲು ಹೊತ್ತು ಬೇಕು, ಅಷ್ಟರಲ್ಲಿ ವೋಲ್ಟೇಜು ಕುಸಿದಿರುತ್ತದೆ. ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲೇ ಇದನ್ನು ಸೂತ್ರವಾಗಿ ಬರೆದಿಟ್ಟ. ಸಾಧಾರಣ ಸೀಸದ ಬ್ಯಾಟರಿಗೆ ಆ ಸೂತ್ರ ಹಾಕಿ ನೋಡಿದರೆ, ತೊಂಬತ್ತು ನಿಮಿಷದಲ್ಲಿ ಬರಿದು ಮಾಡುವ ಬ್ಯಾಟರಿ 36ರ ಬದಲು ಹೆಚ್ಚುಕಡಿಮೆ 26 ಆಂಪಿಯರ್-ಅವರ್ ಮಾತ್ರ ಕೊಡುತ್ತದೆ. ಇಡೀ ರೇಸಿಗೆ ಸಿಗುವುದು ಸುಮಾರು 600 ವ್ಯಾಟ್-ಅವರ್. ಸರಾಸರಿ 400 ವ್ಯಾಟ್. ನಮ್ಮ ಮನೆಗಳಲ್ಲಿ ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೆತ್ತುವ ಅರ್ಧ ಹಾರ್ಸ್‌ಪವರ್ ಪಂಪಿಗೂ ಹೆಚ್ಚುಕಡಿಮೆ ಇಷ್ಟೇ ಬೇಕು. ಇಷ್ಟರಲ್ಲೇ ಒಂದು ಕಾರು, ಒಳಗೊಬ್ಬ ಚಾಲಕ, ಗಂಟೆಗೆ ನಲವತ್ತು ನಲವತ್ತೈದು ಕಿಲೋಮೀಟರ್ ವೇಗ!

ಆ 400 ವ್ಯಾಟ್ ಹೋಗುವುದೆಲ್ಲಿಗೆ? ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೆ. ವೇಗ ಇಮ್ಮಡಿಯಾದರೆ ಗಾಳಿಯ ಎದುರೊತ್ತು ನಾಲ್ಕು ಪಟ್ಟು ಏರುತ್ತದೆ, ಅದನ್ನು ಮೀರಲು ಬೇಕಾದ ಪವರ್ ಎಂಟು ಪಟ್ಟು. 40 ಕಿಲೋಮೀಟರ್ ವೇಗದಿಂದ 50ಕ್ಕೆ ಹೋದರೂ ಗಾಳಿಗೆ ತೆರಬೇಕಾದ ಪವರ್ ಸುಮಾರು ಇಮ್ಮಡಿ. ಅದಕ್ಕೇ ಈ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಮುಂದೆ ದುಂಡು, ಹಿಂದಕ್ಕೆ ನೀಳವಾಗಿ ಸಣ್ಣಗಾಗುವ ಬಾಲ. ಚಾಲಕಿ ಬಹುತೇಕ ಅಂಗಾತ ಮಲಗಿಕೊಂಡೇ ಓಡಿಸುತ್ತಾಳೆ. ಬಾಲದ ಮಹತ್ವವನ್ನು ಮಕ್ಕಳು ತಡವಾಗಿ ಅರಿಯುತ್ತಾರೆ. ಎಲ್ಲರ ಕಣ್ಣೂ ಮೂತಿಯ ಮೇಲೆ. ಆದರೆ ಗಾಳಿ ಹಿಂಬದಿಯಲ್ಲಿ ಮೆಲ್ಲಗೆ ಕೂಡಿಕೊಳ್ಳದೆ ಸುಳಿಗಟ್ಟಿದರೆ, ಆ ಸುಳಿ ಕಾರನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತದೆ. ಇನ್ನು ಚಕ್ರಗಳು. ಉರುಳುವ ಚಕ್ರದ ನೆತ್ತಿ ಕಾರಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಚಲಿಸುತ್ತಿರುತ್ತದೆ. 45 ಕಿಲೋಮೀಟರ್ ವೇಗದ ಕಾರಿನಲ್ಲಿ ಚಕ್ರದ ಮೇಲ್ತುದಿಯದು 90 ಕಿಲೋಮೀಟರ್ ವೇಗ. ಕಡ್ಡಿಗಳು ಗಾಳಿಯನ್ನು ಕಡೆಯುತ್ತವೆ. ಹಾಗಾಗಿ ಚಕ್ರವನ್ನು ಮುಚ್ಚಿದ ತಂಡಕ್ಕೆ ಲಾಭ.

ಎರಡನೆಯ ಬಾಬತ್ತು ಟೈರು. ರಬ್ಬರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿ, ಮತ್ತೆ ದುಂಡಗಾಗುತ್ತದೆ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಟೈರಿಗೆ ಗಾಳಿ ಗಟ್ಟಿಯಾಗಿ ಹೊಡೆದಷ್ಟೂ ನಷ್ಟ ಕಡಿಮೆ. ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ನೇರ ಸಮಾನಾಂತರವಾಗಿಲ್ಲದಿದ್ದರಂತೂ ಟೈರು ಉರುಳುವುದರ ಜೊತೆಗೆ ತುಸು ತುಸು ಉಜ್ಜುತ್ತಲೂ ಹೋಗುತ್ತದೆ. ಕಣ್ಣಿಗೆ ಕಾಣದ ಆ ವಾರೆ ಇಡೀ ರೇಸನ್ನು ತಿಂದುಹಾಕಬಲ್ಲದು. ದುಬಾರಿ ವಸ್ತುಗಳಿಂದ ಮೈ ಮಾಡಿಸಿದ ಕಾರನ್ನು, ಪ್ಲೈವುಡ್ಡಿನದಾದರೂ ಚಕ್ರ ನೇರವಿರುವ ಕಾರು ಹಿಂದಿಕ್ಕಬಹುದು.

ಮೋಟಾರಿನ ವಿಷಯ ಇನ್ನೂ ಸ್ವಾರಸ್ಯದ್ದು. ಶಾಶ್ವತ ಅಯಸ್ಕಾಂತದ ಈ ಡಿಸಿ ಮೋಟಾರು ತಿರುಗುವಾಗ ತಾನೇ ಒಂದು ಜನರೇಟರಿನ ಹಾಗೆ ಬ್ಯಾಟರಿಗೆ ಎದುರಾಗಿ ವೋಲ್ಟೇಜು ಹುಟ್ಟಿಸುತ್ತದೆ. ವೇಗವಾಗಿ ತಿರುಗಿದಷ್ಟೂ ಈ ಎದುರು ವೋಲ್ಟೇಜು ಹೆಚ್ಚು, ಬ್ಯಾಟರಿಯಿಂದ ಎಳೆಯುವ ಕರೆಂಟು ಕಡಿಮೆ. ಮೋಟಾರು ನಿಂತಿರುವಾಗ ಎದುರು ವೋಲ್ಟೇಜೇ ಇಲ್ಲ. ಆಗ ಒಮ್ಮೆಲೇ ಸ್ವಿಚ್ಚು ಒತ್ತಿದರೆ ನೂರಾರು ಆಂಪಿಯರ್ ನುಗ್ಗಬಹುದು. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿದೆ: ಕರೆಂಟು ಇಮ್ಮಡಿಸಿದರೆ ಶಾಖ ನಾಲ್ಮಡಿ. ಇಂಥ ಮೋಟಾರು ಅತಿ ಹೆಚ್ಚು ಪವರ್ ಕೊಡುವುದು, ಹೊರೆಯಿಲ್ಲದೆ ತಿರುಗುವ ವೇಗದ ಅರ್ಧದಲ್ಲಿ. ಆದರೆ ಆಗ ಒಳಗೆ ಹೋದ ವಿದ್ಯುತ್ತಿನಲ್ಲಿ ಅರ್ಧ ಶಾಖವಾಗಿ ಹೋಗಿರುತ್ತದೆ. ಅದೇ ಮೋಟಾರು ಮುಕ್ಕಾಲು ವೇಗವನ್ನು ದಾಟಿ ಹಗುರವಾಗಿ ತಿರುಗುವಾಗ ದಕ್ಷತೆ ಹೆಚ್ಚು.

ಹಾಗಾದರೆ ಮೋಟಾರನ್ನು ಆ ಹದದಲ್ಲಿ ಇಡುವುದು ಹೇಗೆ? ಚೈನಿನ ಹಲ್ಲುಚಕ್ರಗಳಿಂದ. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಮೋಟಾರು ಹಗುರ, ಕಾರು ನಿಧಾನ. ಕಡಿಮೆ ಹಲ್ಲಿನದಾದರೆ ವೇಗವೇನೋ ಸಿಗುತ್ತದೆ, ಆದರೆ ಕರೆಂಟು ಏರಿ, ಎಪ್ಪತ್ತನೆಯ ನಿಮಿಷಕ್ಕೇ ಬ್ಯಾಟರಿ ಉಸಿರುಗಟ್ಟಬಹುದು. ಎದುರುಗಾಳಿ ಬೀಸುವ ದಿನ ಒಂದು ಹಲ್ಲುಚಕ್ರ, ಶಾಂತವಾದ ದಿನ ಇನ್ನೊಂದು. ಚಳಿಯಲ್ಲಿ ಸೀಸದ ಬ್ಯಾಟರಿಯ ರಾಸಾಯನಿಕ ಕ್ರಿಯೆ ಮಂದವಾಗಿ ಸಿಗುವ ಶಕ್ತಿ ಇಳಿಯುತ್ತದೆ, ಅದಕ್ಕೂ ಲೆಕ್ಕ ಹಾಕಬೇಕು. ಬೆಳಗ್ಗೆ ಗಾಳಿಯ ದಿಕ್ಕು ನೋಡಿ ಎಷ್ಟು ಹಲ್ಲಿನ ಚಕ್ರವೆಂದು ಹದಿಮೂರರ ಹುಡುಗಿಯೊಬ್ಬಳು ತೀರ್ಮಾನಿಸಬೇಕಾಗುವುದು ಸಣ್ಣ ಮಾತಲ್ಲ. ತಪ್ಪಿದರೆ ಕಾರು ಟ್ರ್ಯಾಕಿನಲ್ಲೇ ನಿಲ್ಲುತ್ತದೆ, ಉತ್ತರ ಪತ್ರಿಕೆಯಲ್ಲಿ ಅಂಕ ಕಳೆದಂತಲ್ಲ.

ಓಡಿಸುವುದರಲ್ಲೂ ಗಣಿತವಿದೆ. ಒಂದು ತಂಡ ಉದ್ದಕ್ಕೂ 40 ಕಿಲೋಮೀಟರ್ ವೇಗದಲ್ಲೇ ಹೋಯಿತು. ಇನ್ನೊಂದು ತಂಡ ಅರ್ಧ ಹೊತ್ತು 30ರಲ್ಲಿ, ಅರ್ಧ ಹೊತ್ತು 50ರಲ್ಲಿ ಹೋಯಿತು. ಇಬ್ಬರೂ ಕ್ರಮಿಸಿದ ದೂರ ಒಂದೇ. ಆದರೆ ಗಾಳಿಗೆ ಬೇಕಾದ ಪವರ್ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ, ಎರಡನೆಯ ತಂಡ ಗಾಳಿಗೆ ಸುಮಾರು ಶೇಕಡಾ 19ರಷ್ಟು ಹೆಚ್ಚು ವಿದ್ಯುತ್ ಸುರಿದಿರುತ್ತದೆ. ಸಮಗತಿಗೇ ಜಯ. ಬ್ರೇಕು ಕೂಡ ದುಬಾರಿ. ಚಾಲಕನೂ ಸೇರಿ 130 ಕಿಲೋ ತೂಗುವ ಕಾರು 40 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನ ಶಕ್ತಿ ಸುಮಾರು 8,000 ಜೂಲ್. ಅದನ್ನು ಪೂರ್ತಿ ನಿಲ್ಲಿಸಿ ಮತ್ತೆ ಅದೇ ವೇಗಕ್ಕೆ ತಂದರೆ, ಮೋಟಾರಿನ ನಷ್ಟವೂ ಸೇರಿ, ಸುಮಾರು 300 ಮೀಟರ್ ಓಟಕ್ಕಾಗುವ ಶಕ್ತಿ ಕೈಬಿಟ್ಟಂತೆ. ತಿರುವಿಗೆ ಬಹಳ ಮುಂಚೆಯೇ ಮೋಟಾರು ಆಫ್ ಮಾಡಿ, ಕಾರನ್ನು ತಾನಾಗಿ ಉರುಳಲು ಬಿಟ್ಟು, ಬ್ರೇಕು ಮುಟ್ಟದೆ ತಿರುಗಿಸಿಕೊಳ್ಳುವವರೇ ಒಳ್ಳೆಯ ಚಾಲಕರು.

ಇಂಥ ವಿದ್ಯಾರ್ಥಿ ಕಾರುಗಳಿಗೂ ನಮ್ಮ ಬೆಂಗಳೂರಿಗೂ ಒಂದು ನಿಜವಾದ ನಂಟಿದೆ. ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ‘ಸನ್‌ರನ್ನರ್’ ಎಂಬ ಸೌರ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಫ್ಲಾರಿಡಾದಿಂದ ಮಿಶಿಗನ್‌ವರೆಗಿನ ಸನ್‌ರೇಸ್ ಸ್ಪರ್ಧೆಯನ್ನು ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿಲೋಮೀಟರ್ ಓಡಿ ಮೂರನೆಯದಾಗಿ ಬಂತು. ಊರಿಗೆ ಮರಳಿದ ಮೈನಿ ಬೆಂಗಳೂರಿನಲ್ಲಿ ಕಟ್ಟಿದ ವಿದ್ಯುತ್ ಕಾರು ‘ರೇವಾ’ 2001ರಲ್ಲಿ ರಸ್ತೆಗಿಳಿಯಿತು. ಅದರೊಳಗೂ ಸೀಸದ ಬ್ಯಾಟರಿಯೇ, 48 ವೋಲ್ಟಿನದು. ಆ ಪುಟ್ಟ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ಜಗತ್ತಿನ ದೊಡ್ಡ ಕಾರು ಕಂಪನಿಗಳು ವಿದ್ಯುತ್ ಕಾರಿನ ವಿಷಯದಲ್ಲಿ ಮೀನಮೇಷ ಎಣಿಸುತ್ತಿದ್ದ ಕಾಲವದು. ಇರುವಷ್ಟೇ ವಿದ್ಯುತ್ತಿನಲ್ಲಿ ಕಾರು ಓಡಿಸುವ ಲೆಕ್ಕ ಮೈನಿಯವರಿಗೆ ವಿದ್ಯಾರ್ಥಿ ದೆಸೆಯಲ್ಲೇ ಕೈಗೆ ಹತ್ತಿತ್ತು ಎಂಬುದನ್ನು ನಾವು ಮರೆಯಬಾರದು.

ನಮ್ಮ ಪ್ರೌಢಶಾಲೆಗಳಲ್ಲಿ ಇದು ಆಗದ ಕೆಲಸವೇ? ಓಮ್‌ನ ನಿಯಮವೂ ಜೂಲ್‌ನ ಶಾಖದ ನಿಯಮವೂ ಹತ್ತನೆಯ ತರಗತಿಯ ಪುಸ್ತಕದಲ್ಲಿವೆ, ಚಲನ ಶಕ್ತಿಯ ಸೂತ್ರ ಒಂಬತ್ತನೆಯದರಲ್ಲಿದೆ. ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಹಲವು ಶಾಲೆಗಳಿಗೆ ಬಂದಿವೆ. ಬೆಸುಗೆ ಹಾಕಬಲ್ಲವರು, ಸೈಕಲ್ ಬೇರಿಂಗಿನ ಒಳಹೊರಗು ಬಲ್ಲವರು ಪ್ರತಿ ಊರಿನಲ್ಲಿದ್ದಾರೆ; ಅವರನ್ನು ಮೇಷ್ಟರಾಗಿಯೇ ಶಾಲೆಗೆ ಕರೆಯಬೇಕು. ಕೊರತೆಯಿರುವುದು ಒಂದು ಗುಂಪು ಮಕ್ಕಳಿಗೆ ವರ್ಷವಿಡೀ ಒಂದೇ ಕೆಲಸದ ಮೇಲೆ ಕೂರಲು ಬಿಡುವ ವ್ಯವಧಾನದ್ದು. ಸುರಕ್ಷತೆಯಲ್ಲಿ ಮಾತ್ರ ರಾಜಿ ಕೂಡದು. ಹೆಲ್ಮೆಟ್ಟು, ಸೀಟ್ ಬೆಲ್ಟು, ತಲೆಗಿಂತ ಎತ್ತರದ ಗಟ್ಟಿ ಕಮಾನು, ಬ್ಯಾಟರಿಗೆ ಅಂಟಿದಂತೆ ಫ್ಯೂಸು, ಹೊರಗಿನಿಂದಲೂ ಕೈಗೆಟಕುವ ಕೆಂಪು ಸ್ವಿಚ್ಚು ಇರಲೇಬೇಕು. ಬ್ಯಾಟರಿಯ ಎರಡು ತುದಿಗಳ ಮೇಲೆ ಸ್ಪ್ಯಾನರ್ ಬಿದ್ದರೆ ಕಬ್ಬಿಣ ಕೆಂಪಗೆ ಕಾಯುವಷ್ಟು ಕರೆಂಟು ಹರಿಯುತ್ತದೆ. ಚಾರ್ಜ್ ಆಗುವಾಗ ಜಲಜನಕ ಹೊಮ್ಮುವುದರಿಂದ ಗಾಳಿಯಾಡುವ ಕೋಣೆ ಬೇಕು. ಓಟ ಮೈದಾನದಲ್ಲಿ ಮಾತ್ರ, ರಸ್ತೆಯಲ್ಲಿ ಎಂದೂ ಇಲ್ಲ.

ವಿಜ್ಞಾನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಮೋಟಾರು, ಬ್ಯಾಟರಿ ಕೊಳ್ಳುವ ಮೊದಲು ಹಳೆಯ ಸೈಕಲ್ ಚಕ್ರಗಳನ್ನು ಹಾಕಿ, ಬ್ರೇಕೂ ಇರುವ ಒಂದು ಗಾಡಿ ಮಾಡಿಸಿ. ಮಗುವೊಂದನ್ನು ಕೂರಿಸಿ, ಸಮತಟ್ಟಾದ ನೆಲದಲ್ಲಿ ತಳ್ಳಿ, 20 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಮಕ್ಕಳಿಂದಲೇ ಅಳೆಯಿಸಿ. ಒಟ್ಟು ನೂರು ಕಿಲೋ ತೂಕದ ಗಾಡಿಗೆ 40 ಸೆಕೆಂಡು ಹಿಡಿದರೆ ಅದನ್ನು ತಡೆಯುತ್ತಿರುವ ಬಲ ಸುಮಾರು 7 ನ್ಯೂಟನ್. ಆಮೇಲೆ ಟೈರಿಗೆ ಗಾಳಿ ಹೊಡೆಸಿ, ಬೇರಿಂಗಿಗೆ ಗ್ರೀಸ್ ಹಚ್ಚಿ, ಚಕ್ರ ನೇರ ಮಾಡಿ, ಮತ್ತೆ ಅಳೆಯಿಸಿ. ತಡೆಯುವ ಬಲದ ಆ ಸಂಖ್ಯೆ ಇಳಿಯುವುದನ್ನು ಒಮ್ಮೆ ಕಂಡ ಮಕ್ಕಳು ಮುಂದಿನ ಕೆಲಸಕ್ಕೆ ತಾವೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಈ ವರ್ಷವೇ ಆರಂಭಿಸಿ.