ಮತ್ತೆ ಮೈಕ್ ಹಿಡಿದ ಗಾಯಕ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ರಿಯಾನ್ ಜಾನ್ಸನ್ ಕಾರುಗಳ ಛಾವಣಿಗೆ ವಿನೈಲ್ ಹೊದಿಸಿ ಹೊಟ್ಟೆ ಹೊರೆಯುತ್ತಿದ್ದರು. ಒಮ್ಮೆ ಹೆಸರು ಮಾಡಿದ್ದ ಅವರ ‘ಜಾರ್ಡಿ’ ತಂಡ ಚದುರಿತ್ತು. ಹಾಡು ಸಣ್ಣ ಕ್ಲಬ್ಬುಗಳಿಗಷ್ಟೇ ಉಳಿದಿತ್ತು.

1980ರ ಫೆಬ್ರುವರಿಯಲ್ಲಿ ‘ಎಸಿ/ಡಿಸಿ’ ರಾಕ್ ತಂಡದ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ತಾವೇ ಹಾಡು ಕಟ್ಟುವ ಆ ತಂಡ, ಹಾಡಿಸಿ ನೋಡಿ 32ರ ಜಾನ್ಸನ್‌ರನ್ನು ಆರಿಸಿತು. ಜುಲೈನಲ್ಲೇ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂದು ವಿಶ್ವಖ್ಯಾತಿ ತಂದಿತು.

2016ರಲ್ಲಿ ವೈದ್ಯರು ಎಚ್ಚರಿಸಿದರು: ವೇದಿಕೆ ಬಿಡದಿದ್ದರೆ ಪೂರ್ತಿ ಕಿವುಡಾಗಬಹುದು! ನಮ್ಮ ಒಳಗಿವಿಯ ರೋಮಕೋಶಗಳು ಅಬ್ಬರದ ಸದ್ದಿಗೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶೇಷ ಶ್ರವಣಸಾಧನದ ನೆರವಿನಿಂದ 2023ರಲ್ಲಿ, 76ರ ವಯಸ್ಸಿನಲ್ಲಿ, ಜಾನ್ಸನ್ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಹಾಡಿದರು.

ವಿದ್ಯಾರ್ಥಿಗಳೇ, ಬಿಟ್ಟ ಹಾಡನ್ನು ಮತ್ತೆ ಹಿಡಿಯಬಹುದು. ಸತ್ತ ರೋಮಕೋಶ ಮರಳದು. ಇಯರ್‌ಫೋನಿನ ಸದ್ದನ್ನು ಇಂದೇ ತಗ್ಗಿಸಿ.