ಗೋವಿನಜೋಳದ ವಹಿವಾಟು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ವರ್ತಕರಿಗೆ ಗೋವಿನಜೋಳ ಇಂದು ಪ್ರಧಾನ ಸರಕು. ಕೋಳಿ ಆಹಾರ, ಪಿಷ್ಟ ಹಾಗೂ ಈಚಿನ ವರ್ಷಗಳಲ್ಲಿ ಎಥೆನಾಲ್ ಘಟಕಗಳ ಬೇಡಿಕೆಯಿಂದ ಅದರ ಮಾರುಕಟ್ಟೆ ವಿಸ್ತರಿಸಿದೆ. ಜೋಳ, ಶೇಂಗಾ, ತೊಗರಿ, ಹತ್ತಿ ಸರದಿಯಂತೆ ಬರುತ್ತಿದ್ದ ಅನೇಕ ಹೊಲಗಳಲ್ಲಿ ಈಗ ವರ್ಷಾನುವರ್ಷ ಒಂದೇ ಬೆಳೆ. ಈ ಆದಾಯದಲ್ಲಿ ಎಷ್ಟು ನೈಜ ಲಾಭ, ಎಷ್ಟು ಮಣ್ಣಿನ ಮೂಲ ಬಂಡವಾಳದ ಸವಕಳಿ ಎಂಬುದನ್ನು ಯಾವ ಖಾತೆ ಪುಸ್ತಕವೂ ತೋರಿಸುವುದಿಲ್ಲ.

ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಶೇಂಗಾ, ತೊಗರಿಗಳ ಬೇರುಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುತ್ತದೆ. ಮೈಕೊರೈಜಾ ಶಿಲೀಂಧ್ರವು ತನ್ನ ಎಳೆಗಳನ್ನು ಬೇರು ತಲುಪದ ಕಡೆಗೂ ಚಾಚಿ ರಂಜಕವನ್ನು ತಂದುಕೊಡುತ್ತದೆ. ಪ್ರತಿಯಾಗಿ ಸಸ್ಯ ಅದಕ್ಕೆ ಸಕ್ಕರೆಯನ್ನು ನೀಡುತ್ತದೆ. ಇದೊಂದು ಬಗೆಯ ಕೊಡುಕೊಳ್ಳುವಿಕೆಯೇ. ರಂಜಕ ಗೊಬ್ಬರ ಅತಿಯಾದಾಗ ಸಸ್ಯವು ಈ ವ್ಯವಹಾರವನ್ನು ಮೊಟಕುಗೊಳಿಸುತ್ತದೆ. ಪದೇ ಪದೇ ರೋಟವೇಟರ್ ಹೊಡೆದಾಗ ಶಿಲೀಂಧ್ರದ ಎಳೆಗಳು ತುಂಡಾಗುತ್ತವೆ. ದಂಟು, ರವದಿಗೆ ಬೆಂಕಿಯಿಟ್ಟರೆ ಸೂಕ್ಷ್ಮಜೀವಿಗಳ ಆಹಾರವೇ ಸುಟ್ಟುಹೋಗುತ್ತದೆ. ಒಂದೇ ಬೆಳೆಯ ಬೇರಿನ ಸ್ರಾವ ಕೆಲವೇ ಜಾತಿಗಳನ್ನು ಪೋಷಿಸುವುದರಿಂದ ವೈವಿಧ್ಯ ಕುಗ್ಗಿ, ರೋಗಕಾರಕಗಳಿಗೆ ಎಡೆಯಾಗುತ್ತದೆ.

ರಾಸಾಯನಿಕ ಗೊಬ್ಬರವೇ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂಬ ಮಾತು ಅರ್ಧಸತ್ಯ. ತಿಪ್ಪೆ ಗೊಬ್ಬರದೊಡನೆ ಸಮತೋಲನದಲ್ಲಿ ಬಳಸಿದಾಗ ಬೇರು ಸಮೃದ್ಧವಾಗಿ ಬೆಳೆದು ಅವುಗಳ ಪ್ರಮಾಣ ಹೆಚ್ಚುವುದೂ ಉಂಟು. ದೋಷವಿರುವುದು ಅಸಮತೋಲನದಲ್ಲಿ. ಅದಕ್ಕೆ ಬೆಲೆಯ ಕುಮ್ಮಕ್ಕೂ ಇದೆ: 2010ರಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳು ಪೋಷಕಾಂಶ ಆಧಾರಿತ ಸಹಾಯಧನಕ್ಕೆ ಒಳಪಟ್ಟವು, ಯೂರಿಯಾ ಹೊರಗುಳಿಯಿತು. 45 ಕಿಲೋ ಯೂರಿಯಾ ಚೀಲದ ದರ ಸುಮಾರು 266 ರೂಪಾಯಿ. ಅಗ್ಗವಾದದ್ದನ್ನು ಕೈಬಿಚ್ಚಿ ಹಾಕುವುದು ಸಹಜ. ಆದರೆ ಯೂರಿಯಾದ ಅತಿ ಬಳಕೆ ಮಸಾರಿ ಮಣ್ಣನ್ನು ಕ್ರಮೇಣ ಆಮ್ಲೀಯಗೊಳಿಸುತ್ತದೆ.

ಸರ್ಕಾರದ ಲೆಕ್ಕದಲ್ಲೂ ಈ ಜೀವರಾಶಿಗೆ ಸ್ಥಾನವಿಲ್ಲ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆ ಗಂಧಕ, ಸತು, ಬೋರಾನ್‌ಗಳ ಕೊರತೆಯತ್ತ ಗಮನ ಸೆಳೆಯಿತು. 2015ರ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸೂಕ್ಷ್ಮಜೀವಿಗಳ ಎಣಿಕೆ ಅವುಗಳಲ್ಲಿಲ್ಲ. ಸಾವಯವ ಇಂಗಾಲದ ಸಾಲೊಂದೇ ಪರೋಕ್ಷ ಸೂಚಕ. ಗೊಬ್ಬರದ ವರ್ತಕರು ಗ್ರಾಹಕರ ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಆ ಸಾಲನ್ನೇ.

ಶೇಂಗಾ, ತೊಗರಿ, ಹೆಸರುಗಳಿಗೆ ಸ್ಥಳೀಯವಾಗಿ ಖಾತ್ರಿಯ ಖರೀದಿದಾರರಿದ್ದರೆ ಮಾತ್ರ ರೈತರು ಬೆಳೆ ಸರದಿಗೆ ಮರಳಿಯಾರು. ಬರಿಯ ಉಪದೇಶದಿಂದ ಇದು ಆಗದು. ಸಣ್ಣ ಎಣ್ಣೆ ಗಾಣ ಮತ್ತು ಬೇಳೆ ಗಿರಣಿಗಳ ಪಾತ್ರ ಇಲ್ಲಿ ಹಿರಿದು.

ಜೈವಿಕ ಗೊಬ್ಬರದ ವ್ಯಾಪಾರಕ್ಕೆ ಇಳಿಯುವವರು ಒಂದು ವಿಷಯವನ್ನು ಅರಿತಿರಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ 2006ರಲ್ಲಿ ಜೈವಿಕ ಗೊಬ್ಬರಗಳೂ ಬಂದವು. ರೈಜೋಬಿಯಂನಂತಹ ಪುಡಿ ಗೊಬ್ಬರದಲ್ಲಿ ಗ್ರಾಂ ಒಂದಕ್ಕೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಇದು ಯೂರಿಯಾದಂತೆ ಗೋದಾಮಿನಲ್ಲಿ ಒಟ್ಟಿಡುವ ಸರಕಲ್ಲ. ಬೇಸಿಗೆಯಲ್ಲಿ ತಗಡಿನ ಸೂರಿನಡಿ ಇಟ್ಟ ಪೊಟ್ಟಣದಲ್ಲಿ, ಅವಧಿ ಮುಗಿಯುವ ಮೊದಲೇ, ಕೋಶಗಳು ಸತ್ತು ಬರಿಯ ಪುಡಿ ಉಳಿದಿರಬಹುದು. ಆದ್ದರಿಂದ ಮುಂಗಾರಿನ ಬೇಡಿಕೆಯನ್ನು ಅಂದಾಜಿಸಿ, ಅಗತ್ಯವಿದ್ದಷ್ಟನ್ನೇ ತರಿಸಿ, ತಂಪು ಸ್ಥಳದಲ್ಲಿರಿಸಿ, ತಯಾರಿಕೆಯ ದಿನಾಂಕ ಹಾಗೂ ತಂಡದ ಸಂಖ್ಯೆಯನ್ನು ರಸೀದಿಯಲ್ಲಿ ನಮೂದಿಸಿ ಮಾರುವುದು ಉಚಿತ.