ಮಳೆಯಲ್ಲಿ ಮಾಯವಾಗುವ ಪಟ್ಟೆಗಳು

ಬ್ರಹ್ಮಾವರದಿಂದ ಬೈಂದೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 55 ಕಿಲೋಮೀಟರ್ ದಾರಿ. ಅಷ್ಟರಲ್ಲೇ ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ, ಕುಂದಾಪುರ, ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ ಒಂದರ ಬೆನ್ನಿಗೊಂದು ಬರುತ್ತವೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ, ತೋಟ, ಘಟ್ಟ. ನಡುವಿನ ಕಿರಿದಾದ ನೆಲದಲ್ಲೇ ಹೆದ್ದಾರಿಯೂ ಹಾಯಬೇಕು, ಜನರೂ ಬದುಕಬೇಕು. ಮನೆ ಒಂದು ಮಗ್ಗುಲಿಗಿದ್ದರೆ ಶಾಲೆ, ದೇವಸ್ಥಾನ, ಮೀನು ಮಾರುಕಟ್ಟೆ, ಬಸ್ ನಿಲ್ದಾಣ ಇನ್ನೊಂದು ಮಗ್ಗುಲಿಗೆ. ಹಾಗಾಗಿ ಇಲ್ಲಿ ಹೆದ್ದಾರಿ ದಾಟುವುದು ಅಪರೂಪದ ಸಾಹಸವಲ್ಲ, ನಿತ್ಯದ ಕೆಲಸ. ಹಾಗೆ ದಾಟಲೆಂದು ಬಳಿದ ಜೀಬ್ರಾ ಪಟ್ಟೆಗಳು ಬಿಸಿಲಿನಲ್ಲಿ ಢಾಳಾಗಿ ಕಂಡರೆ ಸಾಲದು. ಕರಾವಳಿಯಲ್ಲಿ ಅವುಗಳ ಯೋಗ್ಯತೆಯನ್ನು ಅಳೆಯಬೇಕಾದದ್ದು ಜುಲೈ ತಿಂಗಳ ಜಡಿಮಳೆಯ ಸಂಜೆಯಲ್ಲಿ. ಆ ಹೊತ್ತಿನಲ್ಲಿ ಚಾಲಕನಿಗೆ ಕಾಣದ ಪಟ್ಟೆ ನಡೆಯುವವರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಆ ಸುಳ್ಳು ಧೈರ್ಯಕ್ಕೆ ಜೀವವೇ ಬೆಲೆಯಾಗಬಹುದು.

ಜೀಬ್ರಾ ಪಟ್ಟೆ ಹುಟ್ಟಿದ್ದೇ ಕಾಣದ ದಾಟುದಾರಿಯ ಸಮಸ್ಯೆಯಿಂದ. ಬ್ರಿಟನ್ನಿನಲ್ಲಿ 1934ರಲ್ಲಿ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಷಾ, ದಾಟುವ ಜಾಗಗಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಗೋಳವಿರುವ ಕಂಬಗಳನ್ನು ನಿಲ್ಲಿಸಿದರು. ರಸ್ತೆಯ ಮೇಲೆ ಇದ್ದದ್ದು ಲೋಹದ ಗುಬಟುಗಳ ಎರಡು ಸಾಲು ಮಾತ್ರ. ನಡೆದು ಬರುವವರಿಗೆ ಅವು ಕಾಣುತ್ತಿದ್ದವು, ವೇಗವಾಗಿ ಬರುವ ಚಾಲಕರಿಗೆ ಕಾಣುತ್ತಿರಲಿಲ್ಲ. ಅದಕ್ಕಾಗಿ 1949ರಲ್ಲಿ ಸುಮಾರು 1,000 ಕಡೆ ಬೇರೆ ಬೇರೆ ಬಣ್ಣದ ಪಟ್ಟೆಗಳನ್ನು ಬಳಿದು ನೋಡಿದರು. ಕಪ್ಪು ರಸ್ತೆಯ ಮೇಲಿನ ಬಿಳಿ ಪಟ್ಟೆ ಗೆದ್ದು, 1951ರಲ್ಲಿ ಕಾನೂನಿನ ಮಾನ್ಯತೆ ಪಡೆಯಿತು. ಅಂದರೆ ಈ ಪಟ್ಟೆಯನ್ನು ರೂಪಿಸಿದ್ದು ಚಾಲಕನ ಕಣ್ಣಿಗಾಗಿ. ಮಾಸಿಹೋದ, ಕೆಸರು ಮೆತ್ತಿದ, ತಿರುವಿನ ಆಚೆ ಅಡಗಿದ ಪಟ್ಟೆ ತನ್ನ ಹುಟ್ಟಿನ ಉದ್ದೇಶವನ್ನೇ ಕಳೆದುಕೊಂಡಿದೆ.

ಕಾಣುವುದು ಯಾಕಿಷ್ಟು ಮುಖ್ಯ ಎಂಬುದಕ್ಕೆ ಸರಳ ಲೆಕ್ಕವೇ ಸಾಕು. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಎದುರಿನ ಅಪಾಯವನ್ನು ಕಂಡು, ಅರಿತು, ಬ್ರೇಕ್ ಮೇಲೆ ಕಾಲಿಡಲು ಚಾಲಕನಿಗೆ ಎರಡೂವರೆ ಸೆಕೆಂಡು ಬೇಕೆಂದು ನಮ್ಮ ಹೆದ್ದಾರಿ ವಿನ್ಯಾಸದ ಮಾನದಂಡಗಳೇ ಒಪ್ಪುತ್ತವೆ. ಅಷ್ಟರಲ್ಲಿ 55 ಮೀಟರ್ ಕಳೆದಿರುತ್ತದೆ. ಪೂರ್ತಿ ನಿಲ್ಲಲು, ಆ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದೂರ 120 ಮೀಟರ್. ವೇಗ 50ಕ್ಕೆ ಇಳಿದರೆ ಅದು 60 ಮೀಟರ್. ಇನ್ನು ದಾಟುವವರ ಕಡೆಯಿಂದ ನೋಡೋಣ. ನಾಲ್ಕು ಪಥದ ಹೆದ್ದಾರಿಯ ಒಂದು ಬದಿಯನ್ನು ಅಂಚು ಸೇರಿಸಿ ದಾಟಲು ಎಂಟು ಮೀಟರ್ ನಡೆಯಬೇಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಅದಕ್ಕೆ 10 ಸೆಕೆಂಡು ಬೇಕು. ಅವರು ಕಾಲು ಇಳಿಸುವಾಗ 220 ಮೀಟರ್ ದೂರದಲ್ಲಿದ್ದ ಕಾರು ಅವರು ಆಚೆ ಮುಟ್ಟುವ ಹೊತ್ತಿಗೆ ಅಲ್ಲೇ ಇರುತ್ತದೆ. ಮಳೆಯ ಮೊಬ್ಬಿನಲ್ಲಿ 220 ಮೀಟರ್ ಆಚೆಗಿನ ವಾಹನದ ವೇಗವನ್ನು ಅಂದಾಜು ಮಾಡುವುದು ಯುವಕರಿಗೂ ಕಷ್ಟ.

ಈ ಊರುಗಳಿರುವ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೆ. ರಸ್ತೆಯ ಬಿಳಿ ಪಟ್ಟೆಗೆ ಬೆರೆಸುವ ಸಣ್ಣ ಗಾಜಿನ ಮಣಿಗಳು ರಾತ್ರಿ ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಯಲ್ಲೇ ಚಾಲಕನ ಕಣ್ಣಿಗೆ ಹಿಂತಿರುಗಿಸುತ್ತವೆ. ಪಟ್ಟೆ ಹೊಳೆಯುವುದು ಈ ಕಾರಣಕ್ಕೆ. ಆದರೆ ಮಣಿಗಳ ಮೇಲೆ ನೀರಿನ ತೆಳು ಪದರ ನಿಂತರೆ ಬೆಳಕು ಬೇರೆ ದಿಕ್ಕಿಗೆ ಚೆದುರಿಹೋಗುತ್ತದೆ. ಎದುರಿನ ವಾಹನಗಳ ದೀಪ ಒದ್ದೆ ರಸ್ತೆಯ ಮೇಲೆ ಕನ್ನಡಿಯಲ್ಲಿ ಹೊಳೆದಂತೆ ಹೊಳೆದು, ಉಳಿದ ಪಟ್ಟೆಯನ್ನೂ ನುಂಗುತ್ತದೆ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದ ಮಗುವಿಗೂ ವಾಹನ ಕಾಣುವುದಿಲ್ಲ. ಹೀಗೆ ದಾಟುದಾರಿ ಅತ್ಯಂತ ಅಗತ್ಯವಾದ ತಿಂಗಳುಗಳಲ್ಲೇ ಇಬ್ಬರ ಕಣ್ಣಿಗೂ ತಪ್ಪಿಹೋಗುತ್ತದೆ. ಒಣ ರಸ್ತೆಗೆ ಒಪ್ಪುವ ಬಣ್ಣವನ್ನೇ ಇಲ್ಲಿಗೂ ಬಳಿದು ಕೈತೊಳೆದುಕೊಂಡರೆ ಆಗದು. ಉಬ್ಬುತಗ್ಗಾಗಿ ಎರಕ ಹೊಯ್ದ, ದಪ್ಪ ಮಣಿಗಳಿರುವ ಪಟ್ಟೆ ಬೇಕು. ನೀರಿನ ಮಟ್ಟಕ್ಕಿಂತ ಮೇಲೆ ತಲೆಯೆತ್ತಿ ನಿಲ್ಲುವ ಪ್ರತಿಫಲಕಗಳು ಮೊದಲೇ ಎಚ್ಚರಿಸಬೇಕು.

ಹಾಗೆಂದು ಒಳ್ಳೆಯ ಬಣ್ಣ ಬಳಿದರೆ ಎಲ್ಲ ಸರಿಹೋಗುತ್ತದೆಯೇ? ಅಮೆರಿಕದ 30 ನಗರಗಳಲ್ಲಿ ಪಟ್ಟೆ ಇರುವ 1,000 ಮತ್ತು ಪಟ್ಟೆ ಇಲ್ಲದ 1,000 ದಾಟುವ ಜಾಗಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೊಂದು ಇಲ್ಲಿ ಕಣ್ಣು ತೆರೆಸುತ್ತದೆ. ಹಲವು ಪಥಗಳಿದ್ದು ದಿನಕ್ಕೆ 12,000ಕ್ಕಿಂತ ಹೆಚ್ಚು ವಾಹನ ಓಡುವ ರಸ್ತೆಗಳಲ್ಲಿ, ಬೇರಾವ ಸುಧಾರಣೆಯೂ ಇಲ್ಲದೆ ಬರೀ ಪಟ್ಟೆ ಬಳಿದ ಕಡೆ ಪಾದಚಾರಿಗಳ ಅಪಘಾತದ ಪ್ರಮಾಣ ಹೆಚ್ಚಿತ್ತು. ಅದಕ್ಕೊಂದು ಕಾರಣ ನಮ್ಮ ನಾಲ್ಕು ಪಥದ ಹೆದ್ದಾರಿಗೂ ಒಪ್ಪುತ್ತದೆ. ಹತ್ತಿರದ ಪಥದ ಬಸ್ಸು ಅಥವಾ ಲಾರಿ ಸೌಜನ್ಯದಿಂದ ನಿಲ್ಲುತ್ತದೆ. ಅದರ ಮರೆಯಿಂದ ಹೊರಬಂದವರು ಪಕ್ಕದ ಪಥದಲ್ಲಿ ನುಗ್ಗಿ ಬರುವ ಕಾರಿಗೆ ಕಾಣುವುದೇ ಇಲ್ಲ. ಆದ್ದರಿಂದ ವಾಹನಗಳು ನಿಲ್ಲಬೇಕಾದ ಗೆರೆಯನ್ನು ಪಟ್ಟೆಗೆ ಅಂಟಿಸದೆ ಹಲವು ಮೀಟರ್ ಹಿಂದೆಯೇ ಎಳೆಯಬೇಕು. ಆ ಅಂತರ ಇದ್ದರೆ ಮನುಷ್ಯರು ಕಾಣುತ್ತಾರೆ.

ಉಳಿದ ಕೆಲಸಗಳೂ ಇದೇ ತರ್ಕದಿಂದ ಹುಟ್ಟುತ್ತವೆ, ಮತ್ತು ಹೆಚ್ಚಿನವು ಅಗ್ಗದವು. ಡಿವೈಡರಿನ ನಡುವೆ ನಿಲ್ಲಲು ಸುರಕ್ಷಿತ ಜಾಗ ಮಾಡಿದರೆ ಅಜ್ಜಿ ಒಮ್ಮೆಗೆ ಒಂದೇ ದಿಕ್ಕಿನ ವಾಹನವನ್ನು ನೋಡಿದರೆ ಸಾಕು. ಡಿವೈಡರಿನಲ್ಲಿ ನೆಟ್ಟ ಹೂಗಿಡಗಳನ್ನು ದಾಟುವ ಜಾಗದ ಎರಡೂ ಕಡೆ ಮೊಣಕಾಲೆತ್ತರಕ್ಕೆ ಸವರಬೇಕು, ಇಲ್ಲವಾದರೆ ಆರು ವರ್ಷದ ಮಗು ಅದರ ಹಿಂದೆ ಮುಚ್ಚಿಹೋಗುತ್ತದೆ. ಜಾತ್ರೆ, ಯಕ್ಷಗಾನದ ಫ್ಲೆಕ್ಸುಗಳು ಎಚ್ಚರಿಕೆ ಫಲಕವನ್ನು ಮರೆಮಾಡಬಾರದು. ಬಸ್ಸು ನಿಲ್ಲುವ ಜಾಗ ದಾಟುದಾರಿಯನ್ನು ಕಳೆದು ಮುಂದಿರಬೇಕು. ಆಗ ಇಳಿದವರು ಬಸ್ಸಿನ ಹಿಂದಿನಿಂದ, ಬರುವ ವಾಹನ ಕಾಣುವಂತೆ ದಾಟುತ್ತಾರೆ. ದೀಪದ ಕಂಬ ಪಟ್ಟೆಯ ನೆತ್ತಿಯ ಮೇಲೆ ಬೇಡ. ವಾಹನ ಬರುವ ದಿಕ್ಕಿನಲ್ಲಿ ಪಟ್ಟೆಗಿಂತ ಸ್ವಲ್ಪ ಮೊದಲು ಇದ್ದರೆ ದಾಟುವವರ ಮೈಮೇಲೆ ಬೆಳಕು ಬೀಳುತ್ತದೆ, ಹಿಂದಿದ್ದರೆ ಅವರು ಕಪ್ಪು ನೆರಳಾಗಿ ಉಳಿಯುತ್ತಾರೆ. ನವೆಂಬರಿನಿಂದ ಮೇ ತನಕ ಯಕ್ಷಗಾನ ಮೇಳಗಳ ಆಟ ನೋಡಿ ರಾತ್ರಿ ಮನೆಗೆ ನಡೆಯುವವರಿರುವ ಸೀಮೆಗೆ ಈ ಬೆಳಕು ಮಳೆಗಾಲದ ಆಚೆಗೂ ಬೇಕು.

ಹಂಪ್ಸ್ ಹಾಕಿದರೆ ಮುಗಿಯಿತಲ್ಲ ಎಂದು ಅನೇಕರು ಕೇಳುತ್ತಾರೆ. ಊರೊಳಗಿನ ರಸ್ತೆ ಮತ್ತು ಸರ್ವಿಸ್ ರಸ್ತೆಗಳಲ್ಲಿ ದಾಟುದಾರಿಯನ್ನೇ ಜಗಲಿಯಂತೆ ಎತ್ತರಿಸುವುದು ಒಳ್ಳೆಯ ಉಪಾಯ. ಆದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ಸ್ ಬೇಡವೆಂಬುದು ಕೇಂದ್ರ ಸಾರಿಗೆ ಸಚಿವಾಲಯದ ನಿಲುವು, ಅದರಲ್ಲಿ ಹುರುಳಿದೆ. ಮಳೆಯಲ್ಲಿ ಕಾಣದ ಉಬ್ಬಿಗೆ ತಾಗಿ ಬೈಕ್ ಸವಾರ ಬೀಳುತ್ತಾನೆ. ದೀಪವಿಲ್ಲದ ಕಬ್ಬಿಣದ ಬ್ಯಾರಿಕೇಡೂ ಕತ್ತಲಲ್ಲಿ ಅಷ್ಟೇ ಅಪಾಯ. ಅದರ ಬದಲು ಹಂತಹಂತವಾಗಿ ವೇಗ ಇಳಿಸುವ ಫಲಕಗಳು, ಚಕ್ರಕ್ಕೆ ಗುಡುಗುಟ್ಟುವ ಅಡ್ಡಗೆರೆಗಳು, ವೇಗ ಅಳೆಯುವ ಕ್ಯಾಮೆರಾಗಳು ಚಾಲಕನನ್ನು ಮೊದಲೇ ಸಿದ್ಧಗೊಳಿಸುತ್ತವೆ.

ಹೆದ್ದಾರಿ ಇರುವುದೇ ವೇಗಕ್ಕೆ, ಪ್ರತಿ ಪೇಟೆಯಲ್ಲೂ ನಿಧಾನಿಸಿದರೆ ಅಷ್ಟು ಖರ್ಚು ಮಾಡಿ ಅಗಲಗೊಳಿಸಿದ್ದೇಕೆ ಎಂಬ ಆಕ್ಷೇಪವೂ ಇದೆ. ದಾಟುದಾರಿಯ ಸುತ್ತ 400 ಮೀಟರ್ ದೂರವನ್ನು 80ರ ಬದಲು 50ರ ವೇಗದಲ್ಲಿ ಕಳೆದರೆ ಹೆಚ್ಚು ತಗಲುವುದು ಸುಮಾರು 11 ಸೆಕೆಂಡು. ಬ್ರಹ್ಮಾವರದಿಂದ ಬೈಂದೂರಿಗೆ ಅಂಥ 10 ಜಾಗಗಳಿದ್ದರೂ ಒಟ್ಟು ಎರಡು ನಿಮಿಷ ದಾಟುವುದಿಲ್ಲ. ಇನ್ನೊಂದು ತಕ್ಕಡಿಯಲ್ಲಿ ಏನಿದೆ ನೋಡಿ. ವಾಹನದ ವೇಗ 50ರಿಂದ 65ಕ್ಕೆ ಏರಿದರೆ ಗುದ್ದಿಸಿಕೊಂಡ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಐವರಿಗೊಬ್ಬರು ಪಾದಚಾರಿಗಳು. ಎರಡು ನಿಮಿಷವನ್ನು ಇದಕ್ಕೆ ಎದುರಾಗಿ ತೂಗಲು ಯಾರಿಗೂ ಮನಸ್ಸು ಬರಲಾರದು.

ಅಂಡರ್‌ಪಾಸ್ ಅಥವಾ ಮೇಲ್ಸೇತುವೆಯೇ ನಿಜವಾದ ಪರಿಹಾರ ಎನ್ನುವವರ ಮಾತಿನಲ್ಲಿ ಸತ್ಯವಿದೆ, ಜನ ಸೇರುವ ಪೇಟೆಗಳಿಗೆ ಅವು ಬೇಕು. ಆದರೆ ಕುಂದಾಪುರದ ಶಾಸ್ತ್ರಿ ವೃತ್ತದ ಫ್ಲೈಓವರ್ ಎಷ್ಟು ವರ್ಷ ಅರ್ಧದಲ್ಲೇ ನಿಂತಿತ್ತೆಂದು ಇಲ್ಲಿನವರು ಮರೆತಿಲ್ಲ. ದೊಡ್ಡ ಕಾಮಗಾರಿಗೆ ಕಾಯುವ ಅಷ್ಟು ಮಳೆಗಾಲಗಳಲ್ಲೂ ಮಕ್ಕಳು ರಸ್ತೆ ದಾಟುತ್ತಲೇ ಇರುತ್ತಾರೆ. ಮೆಟ್ಟಿಲೇರಲಾಗದ ಮುದುಕರು, ಮೀನಿನ ಬುಟ್ಟಿ ಹೊತ್ತವರು ಮೇಲ್ಸೇತುವೆ ಇದ್ದರೂ ಕೆಳಗೇ ದಾಟುತ್ತಾರೆ. ಇದನ್ನು ಬೇಜವಾಬ್ದಾರಿ ಎಂದು ಬೈಯುವುದು ಸುಲಭ. ಆದರೆ ಎಲ್ಲರೂ ಒಂದೇ ಜಾಗದಲ್ಲಿ ದಾಟುತ್ತಿದ್ದಾರೆಂದರೆ ದಾಟುದಾರಿ ಎಲ್ಲಿರಬೇಕೆಂದು ಅವರ ಕಾಲುಗಳೇ ತೋರಿಸಿಕೊಟ್ಟಿವೆ. ಅದನ್ನು ಓದಿ ಅಲ್ಲೇ ಪಟ್ಟೆ ಹಾಕುವುದು ಎಂಜಿನಿಯರುಗಳ ಕೆಲಸ.

ಕಾನೂನು ನಡೆಯುವವರ ಪರವಾಗಿದೆ. ಸಿಗ್ನಲ್ ಇಲ್ಲದ ದಾಟುದಾರಿಯಲ್ಲಿ ಚಾಲಕ ವೇಗ ತಗ್ಗಿಸಿ, ನಿಂತು, ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ರಸ್ತೆ ನಿರ್ಮಾಣದ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹೆದ್ದಾರಿಯ ದೂರುಗಳಿಗೆ 1033 ಸಹಾಯವಾಣಿ ಇದೆ. ಇವೆಲ್ಲ ಕಾಗದದಲ್ಲಿ ಉಳಿಯದಿರಲು ವರ್ಷಕ್ಕೊಂದು ಶಿಸ್ತು ಸಾಕು. ಮಳೆ ಹಿಡಿದ ಮೊದಲ ವಾರದಲ್ಲೇ ಹೆದ್ದಾರಿ ಪ್ರಾಧಿಕಾರ, ಪೊಲೀಸರು, ಪಂಚಾಯತ್ ಮತ್ತು ಪುರಸಭೆಯ ಸದಸ್ಯರು, ಶಾಲೆಯವರು ಒಂದು ಸಂಜೆ ಒಂದೇ ವಾಹನದಲ್ಲಿ ಬ್ರಹ್ಮಾವರದಿಂದ ಬೈಂದೂರಿಗೆ ಹೋಗಬೇಕು. 120 ಮೀಟರ್ ದೂರದಿಂದ ಚಾಲಕನ ಆಸನದಲ್ಲಿ ಕೂತು ನೋಡಿದಾಗ ಕಾಣದ ಪ್ರತಿಯೊಂದು ದಾಟುದಾರಿಯನ್ನೂ ಪಟ್ಟಿಮಾಡಿ, ಆ ಮಳೆಗಾಲದೊಳಗೇ ಫಲಕ, ದೀಪ, ಪ್ರತಿಫಲಕ ಹಾಕಿಸಬೇಕು. ಮಳೆ ಬಿಟ್ಟ ಮೇಲೆ ಪಟ್ಟೆ ಹೊಸದಾಗಿ ಬಳಿಯಬೇಕು. ಕೊಡೆ ಹಿಡಿದು ಅಂಚಿನಲ್ಲಿ ನಿಂತ ಮಗುವಿಗೆ ಆ ಪಟ್ಟೆಯ ಮೇಲೆ ಕಾಲಿಡು ಎಂದು ಹೇಳುವ ಹಕ್ಕು ನಮಗೆ ಬರುವುದು ಆಮೇಲೆಯೇ.